ಷಡ್ಡಕನ ಧೂಳಿಲ್ಲದ ಕೋಣೆ

ನನ್ನ ಷಡ್ಡಕ ಕೆಂಪರಾಜುವಿನ ಮನೆಯಲ್ಲಿ ಒಂದು ಚಿಕ್ಕ ಮಿಷನ್ನಿದೆ. ನೋಡುವುದಕ್ಕೆ ಸಂತೆಗೆ ಒಯ್ಯುವ ಬ್ಯಾಗಿನಷ್ಟೇ ಇದೆ. ಮೇಲೊಂದು ಹಿಡಿ, ಪಕ್ಕದಲ್ಲೊಂದು ಉದ್ದನೆಯ ಪೈಪು. ಅವನು ಮರ ಕೊಯ್ಯುವಾಗ ಕರೆಂಟಿನ ಗರಗಸದಿಂದ ಹಾರುವ ಧೂಳನ್ನೆಲ್ಲ ಅದು ಅಲ್ಲಲ್ಲೇ ಎಳೆದು ಹೊಟ್ಟೆಗೆ ಹಾಕಿಕೊಳ್ಳುತ್ತದೆ. 'ಒಳ್ಳೆಯದೇ ಆಯಿತಲ್ಲ, ಅದರಿಂದ ನಿಮಗೇನು ಕಷ್ಟ?' ಎಂದು ನೀವು ಕೇಳಬಹುದು. ಮಿಷನ್ನಿನಿಂದ ನನಗೇನೂ ಕಷ್ಟವಿರಲಿಲ್ಲ. ಅದು ಅವನ ಮನೆಯಲ್ಲಿದ್ದದ್ದೇ ಕಷ್ಟ.

ಕೆಂಪರಾಜು ನನ್ನ ಹೆಂಡತಿ ಪ್ರೇಮಳ ತಂಗಿ ಶೋಭಳ ಗಂಡ. ಮದ್ದೂರಿನಲ್ಲಿ ಕಾಲೇಜು ಉಪನ್ಯಾಸಕ. ನನಗಿಂತ ಚಿಕ್ಕವನು, ನನ್ನನ್ನು ಬಾಯಿತುಂಬ ಅಣ್ಣ ಎನ್ನುತ್ತಾನೆ. ಷಡ್ಡಕರ ಸಂಬಂಧ ಎಂಥದೆಂದು ಅನುಭವಿಸಿದವರಿಗೇ ಗೊತ್ತು. ಒಬ್ಬರನ್ನೊಬ್ಬರು ಆರಿಸಿಕೊಂಡವರಲ್ಲ, ಒಂದೇ ರಕ್ತದವರೂ ಅಲ್ಲ. ಆದರೂ ಜೀವನಪೂರ್ತಿ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಅತ್ತೆ ಯಾರ ಎಲೆಗೆ ಮೊದಲು ಕೋಳಿ ಸಾರು ಬಿಟ್ಟರು, ಯಾರಿಗೆ ಎರಡನೇ ಸಲ ಒತ್ತಾಯ ಮಾಡಿದರು ಎಂದು ಕಣ್ಣಂಚಿನಲ್ಲೇ ನೋಡಬೇಕು. ನಾನು ನೋಡಿದ್ದೇನೆ. ಅವನು ನೋಡುತ್ತಾನೋ ಇಲ್ಲವೋ ಗೊತ್ತಾಗದಂತೆ ತಲೆ ತಗ್ಗಿಸಿ ಉಣ್ಣುತ್ತಾನೆ. ಅದೂ ಒಂದು ಸಂಕಟ.

ಮರಗೆಲಸ ಮೊದಲು ಹಿಡಿದವನು ನಾನು. ಬ್ಲಫ್ ಎಂಬಲ್ಲಿನ ಜಲವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕಿದ್ದಾಗಲೇ ಕ್ವಾರ್ಟರ್ಸಿನ ಹಿತ್ತಿಲಲ್ಲಿ ಸ್ಟೂಲು, ಮಣೆ ಎಂದು ಏನಾದರೂ ಮಾಡುತ್ತಿದ್ದೆ. ನಿವೃತ್ತರಾದವರಿಗೆ ನಮ್ಮಲ್ಲಿ ಗೋಡೆ ಗಡಿಯಾರ ಕೊಡುವುದು ರೂಢಿ. ನನಗೆ ಗಡಿಯಾರ ಬೇಡ, ಕೈಯಲ್ಲಿ ಹಿಡಿದು ಕೊಯ್ಯುವ ಕರೆಂಟಿನ ಗರಗಸ ಕೊಡಿ ಎಂದು ನಾಚಿಕೆ ಬಿಟ್ಟು ಕೇಳಿ ಪಡೆದೆ. ಮಳವಳ್ಳಿಗೆ ಬಂದು ಮನೆ ಮಾಡಿದ ಮೇಲೆ ಆ ಗರಗಸ ದಿನವೂ ಹಾಡತೊಡಗಿತು. ಕೆಂಪರಾಜು ಶುರು ಮಾಡಿದ್ದು ಆಮೇಲೆ, ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು. ನನ್ನ ಹತ್ತಿರವೇ ಬಂದು, "ಅಣ್ಣ, ಯಾವ ಗರಗ್ಸ ತಗಳ್ಳಿ?" ಎಂದು ಕೇಳಿದ್ದ. ಗುರುವಿನ ಗತ್ತಿನಲ್ಲಿ ಹೇಳಿಕೊಟ್ಟಿದ್ದೆ. ಅಂಥವನು ಈಗ ಮನೆಯ ಹಿಂದೆ ಒಂದು ಕೋಣೆ ಕಟ್ಟಿಸಿ, ಉಳಿ ಸುತ್ತಿಗೆಗಳನ್ನು ಗೋಡೆಗೆ ಸಾಲಾಗಿ ನೇತುಹಾಕಿ, ನಡುವೆ ಈ ಮಿಷನ್ನನ್ನು ಇಟ್ಟುಕೊಂಡಿದ್ದಾನೆ.

ಅದನ್ನು ಮೊದಲ ಸಲ ತೋರಿಸಿದ ದಿನ ನಾನೂ ಪ್ರೇಮಳೂ ಮದ್ದೂರಿಗೆ ಊಟಕ್ಕೆ ಹೋಗಿದ್ದೆವು. ಗರಗಸದ ಪ್ಲಗ್ಗನ್ನು ಅವನು ಗೋಡೆಗೆ ಹಾಕಲಿಲ್ಲ, ಮಿಷನ್ನಿಗೇ ಚುಚ್ಚಿದ. ಗರಗಸ ಶುರುವಾದೊಡನೆ ಅದೂ ಶುರುವಾಯಿತು. ಗರಗಸ ನಿಂತ ಮೇಲೆ ಪೈಪಿನಲ್ಲಿ ಉಳಿದದ್ದನ್ನೂ ಎಳೆದುಕೊಂಡು ತಾನಾಗಿ ನಿಂತಿತು. ನಾನು ಏನೋ ನೋಡುವವನಂತೆ ಕಿಟಕಿಯ ಹತ್ತಿರ ಹೋಗಿ ಅಂಚಿನ ಮೇಲೆ ಬೆರಳಾಡಿಸಿದೆ. ಧೂಳು ಹತ್ತಲಿಲ್ಲ. ನನ್ನ ಬೆರಳಿನ ಕೊಳೆಯೇ ಅವನ ಕಿಟಕಿಗೆ ಹತ್ತಿತು.

"ನೋಡಿ, ಅವ್ರು ಕೊಯ್ತಾವ್ರೆ, ನಾನು ಇಲ್ಲೇ ನಿಂತಿವ್ನಿ. ಒಂದ್ ಸೀನೂ ಬರ್ನಿಲ್ಲ" ಎಂದಳು ಪ್ರೇಮ.

ಅವಳು ಸಹಜವಾಗಿಯೇ ಹೇಳಿದ್ದು. ಆದರೆ ಆ ದಿನದ ಪಾಯಸ ನನಗೆ ರುಚಿಸಲಿಲ್ಲ.

ನಮ್ಮ ಮನೆಯ ಪಾಡು ಬೇರೆ. ನಾನು ಕೊಯ್ಯುವುದು ವರಾಂಡದಲ್ಲಿ. ವರಾಂಡಕ್ಕೆ ತಾಗಿದ ಕೋಣೆಯಲ್ಲಿ ಪ್ರೇಮಳ ಹೊಲಿಗೆ ಮಿಷನ್ನು; ನಮ್ಮ ಬೀದಿಯ ಹೆಂಗಸರ ರವಿಕೆಗಳೆಲ್ಲ ಅವಳ ಕೈಯಲ್ಲೇ ಹೊಲಿಸಿಕೊಂಡವು. ನಾನು ಒಂದು ಹಲಗೆ ಕೊಯ್ದರೆ ಸಾಕು, ಧೂಳು ರವಿಕೆಗಳ ಮೇಲೆ, ತಂತಿಯ ಮೇಲೆ ಒಣಗುವ ಬಟ್ಟೆಯ ಮೇಲೆ, ಕೊನೆಗೆ ಮುಚ್ಚಿಟ್ಟ ಮುದ್ದೆಯ ಮೇಲೂ ಹೋಗಿ ಕೂರುತ್ತಿತ್ತು. ಇದೆಲ್ಲಕ್ಕಿಂತ ಮುಖ್ಯವಾದದ್ದು, ಪ್ರೇಮಳಿಗೆ ಉಬ್ಬಸವಿದೆ. ಧೂಳು ಮೂಗಿಗೆ ಹೋದರೆ ಮೊದಲು ಸೀನು, ಆಮೇಲೆ ಕೆಮ್ಮು, ಆಮೇಲೆ ಎದೆಯೊಳಗೆ ಸಣ್ಣಗೆ ಶಿಳ್ಳೆ ಹಾಕಿದಂಥ ಸದ್ದು. ನಾನು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕೊಯ್ಯುವಾಗ ಅವಳು ಬಾಗಿಲು ಹಾಕಿಕೊಂಡು ಒಳಗೆ ಹೊಲಿಯುವಳು. ಹಾಗೇ ಹೊಂದಿಕೊಂಡಿದ್ದೆವು.

ಬೆಳಕವಾಡಿಯಲ್ಲಿ ನಾನು ಬೆಳೆಯುವಾಗ ಈ ಧೂಳಿಗೆ ಎಷ್ಟು ಮರ್ಯಾದೆ ಇತ್ತೆಂದು ನೆನೆಸಿಕೊಂಡರೆ ನಗು ಬರುತ್ತದೆ. ಆಗ ಅದನ್ನು ಧೂಳು ಎನ್ನುತ್ತಲೂ ಇರಲಿಲ್ಲ, ಮರದ ಹೊಟ್ಟು ಎನ್ನುತ್ತಿದ್ದೆವು. ಮಳವಳ್ಳಿಯ ಸಾಮಿಲ್ಲಿಗೆ ಹೋಗಿ ಗೋಣಿಚೀಲದಲ್ಲಿ ತುಂಬಿಕೊಂಡು, ಬಸ್ಸಿನ ಮೇಲೆ ಹಾಕಿಸಿಕೊಂಡು ತರಬೇಕು. ಕಂಡಕ್ಟರ ಬೈಯಬೇಕು, ನಾವು ಕೇಳಿಸದವರಂತೆ ಇರಬೇಕು. ಮನೆಯಲ್ಲಿ ಹೊಟ್ಟಿನ ಒಲೆ. ತಗಡಿನ ಡಬ್ಬದ ನಡುವೆ ಒಂದು ಸೀಸೆ ನಿಲ್ಲಿಸಿ, ಸುತ್ತಲೂ ಹೊಟ್ಟು ಸುರಿದು, ಗಟ್ಟಿಯಾಗಿ ದಮ್ಮಸು ಮಾಡಿ, ಆಮೇಲೆ ಸೀಸೆಯನ್ನು ಮೆಲ್ಲಗೆ ತಿರುಗಿಸುತ್ತ ಮೇಲಕ್ಕೆಳೆಯಬೇಕು. ನಡುವೆ ಬಾವಿಯಂಥ ತೂತು ಉಳಿಯುತ್ತದೆ. ಕೆಳಗಿನಿಂದ ಬೆಂಕಿ ಕೊಟ್ಟರೆ ಒಲೆ ನಿಧಾನಕ್ಕೆ ಉರಿಯುತ್ತದೆ.

ನನ್ನ ಅಣ್ಣ ನಿಂಗಣ್ಣ ತುಂಬಿದ ಒಲೆ ಅನ್ನ ಸಾರು ಎರಡನ್ನೂ ಮುಗಿಸಿ ಸ್ನಾನದ ನೀರಿಗೂ ಉಳಿಯುತ್ತಿತ್ತು. ನಾನು ತುಂಬಿದ್ದು ಅನ್ನ ಕುದಿಯುವ ಹೊತ್ತಿಗೆ ಧಡಕ್ಕನೆ ಕುಸಿದು ಅಡುಗೆಮನೆಯ ತುಂಬ ಹೊಗೆ. ಅವ್ವ ಕಣ್ಣೊರೆಸಿಕೊಳ್ಳುತ್ತ, "ನೀನ್ ಮುಟ್ಬೇಡ ಬುಡು ಮಗ, ನಿಂಗ ಬರ್ಲಿ" ಎನ್ನುವಳು. ನಿಂಗ ಬರಲಿ ಎಂಬ ಆ ಮಾತು ನನಗೆ ಹೊಗೆಗಿಂತ ಹೆಚ್ಚು ಉರಿಯುತ್ತಿತ್ತು. ಅಣ್ಣ ಬಂದು, ನನ್ನನ್ನು ಗೇಲಿಯೂ ಮಾಡದೆ, ಕೈ ಒದ್ದೆ ಮಾಡಿಕೊಂಡು ಹೊಟ್ಟು ಒತ್ತಲು ಕೂರುತ್ತಿದ್ದ. ಒಂದು ಮಾತು ಗೇಲಿ ಮಾಡಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ನನ್ನ ಹಣೆಬರಹಕ್ಕೆ ಅಂಥ ಒಳ್ಳೆಯವರೇ ಎದುರಾಗುತ್ತಾರೆ.

ಇರಲಿ, ಮಿಷನ್ನಿನ ವಿಷಯಕ್ಕೆ ಬರುತ್ತೇನೆ.

ನನ್ನ ಅತ್ತೆಯ ಮನೆ ಕೆರಗೋಡಿನಲ್ಲಿ. ಅಲ್ಲಿ ನನ್ನ ಭಾವಮೈದನ ಮಗಳಿಗೆ ಹೆಣ್ಣುಮಗು ಹುಟ್ಟಿತು. ಮಗು ನೋಡಲು ಎಲ್ಲರೂ ಸೇರಿದ್ದಾಗ ಅತ್ತೆ ಅಟ್ಟದ ಕಡೆ ಕೈ ತೋರಿಸಿ, "ಹಲಸಿನ ಹಲಗೆ ಅವೆ. ನಿಮ್ಮ ಮಾವ ಕುಯ್ಸಿ ಮಡಗಿದ್ದು. ಕೂಸಿಗೊಂದು ತೊಟ್ಲು ಆಗ್ಬೇಕು. ಅಳಿಯಂದ್ರು ಇಬ್ರೂ ಮರಗೆಲ್ಸ ಕಲ್ತಿದೀರಲ್ಲ, ಯಾರ್ ಮಾಡೀರಿ?" ಎಂದು ಕೇಳಿದರು.

ಕೆಂಪರಾಜು ನನ್ನ ಕಡೆ ನೋಡಿದ. ಹಿರಿಯನೆಂದು ನನಗೆ ಬಿಟ್ಟುಕೊಡುವ ನೋಟ. ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರೇಮ ಹೇಳಿಬಿಟ್ಟಳು:

"ಕೆಂಪರಾಜುನೇ ಮಾಡ್ಲಿ ಕಣವ್ವ. ಅವ್ರ ಮನೇಲಿ ಧೂಳಾಗಕಿಲ್ಲ. ನಮ್ಮನೇಲಾದ್ರೆ ತೊಟ್ಲು ಮುಗಿಯೋ ಗಂಟ ನಾನು ಉಸ್ರಾಡಂಗಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ, "ನಾನೇ ಮಾಡ್ತೀನಿ. ನಾಮಕರಣಕ್ಕೆ ತೊಟ್ಲು ಬತ್ತದೆ. ಧೂಳಿಗೂ ಮಿಷನ್ ತತ್ತೀನಿ" ಎಂದೆ. ಹಾಗೆಂದವನು ನಾನಲ್ಲ, ನನ್ನ ಹೊಟ್ಟೆಯೊಳಗಿನ ಉರಿ. ಹಲಗೆಗಳು ಗೂಡ್ಸ್ ಆಟೊದಲ್ಲಿ ಮಳವಳ್ಳಿಗೆ ಬಂದವು.

ತೊಟ್ಟಿಲು ಮಾಡಲು ಯಾವ ಧೈರ್ಯವೂ ಬೇಕಿರಲಿಲ್ಲ. ಮಿಷನ್ ಆರಿಸುವುದಕ್ಕೇ ಬೇಕಾಗಿದ್ದು. ಕೆಂಪರಾಜುವಿಗೆ ಒಂದು ಫೋನು ಮಾಡಿ, ಯಾವುದನ್ನು ತಂದೆಯಪ್ಪಾ ಎಂದು ಕೇಳಿದ್ದರೆ ಆ ಕ್ಷಣವೇ ಮುಗಿಯುತ್ತಿತ್ತು. ಕೇಳಿದರೆ ನಾನು ಸೋತಂತೆ. ಅದಕ್ಕೇ ಮೊದಲು ನಮ್ಮ ಮನೆಯಲ್ಲೇ ಇದ್ದ, ಸೋಫಾ ದಿವಾನ ಗುಡಿಸುವ ವ್ಯಾಕ್ಯೂಮ್ ಕ್ಲೀನರನ್ನು ಹೊರಗೆ ತಂದೆ. ಅದರ ಪೈಪನ್ನು ಗರಗಸದ ಧೂಳು ಉಗುಳುವ ಬಾಯಿಗೆ ಹಿಡಿದು ಕರಿ ಟೇಪು ಸುತ್ತಿದೆ. ಶುರುವಿನಲ್ಲಿ ಚೆನ್ನಾಗಿಯೇ ಎಳೆಯಿತು. ಹೆಮ್ಮೆಯಿಂದ ಪ್ರೇಮಳನ್ನು ಕರೆದೆ. ಅವಳೂ ಬಂದು ನಿಂತಳು.

ಆ ಮಿಷನ್ನಿನ ಚೀಲ ಸೋಫಾದ ಧೂಳಿಗೆ ಹೊಲಿದದ್ದು. ಹಲಸಿನ ಹೊಟ್ಟು ಅದಕ್ಕೆ ಯಾವ ಲೆಕ್ಕ? ಸ್ವಲ್ಪ ಹೊತ್ತಿಗೆ ದಪ್ಪ ಹೊಟ್ಟೆಲ್ಲ ಚೀಲದಲ್ಲಿ ಕಟ್ಟಿಕೊಂಡು, ಪೌಡರಿನಂಥ ಸಣ್ಣ ಧೂಳು ಮಿಷನ್ನಿನ ಹಿಂದುಗಡೆಯ ಕಿಂಡಿಯಿಂದ ಹೊರಟಿತು. ಕಿಂಡಿಯ ಎದುರಿಗೇ ಪ್ರೇಮ ನಿಂತಿದ್ದಳು. ಮೋಟರು ಸುಟ್ಟ ವಾಸನೆ ಬಂದು ನಾನು ಸ್ವಿಚ್ಚು ಆರಿಸುವಷ್ಟರಲ್ಲಿ ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು.

ಆ ದಿನದ ಉಬ್ಬಸ ಸಾಮಾನ್ಯದ್ದಾಗಿರಲಿಲ್ಲ. ಬಾಯಿಗೆ ಊದಿಕೊಳ್ಳುವ ಔಷಧಿ ಎರಡು ಸಲ ಎಳೆದುಕೊಂಡರೂ ಶಿಳ್ಳೆ ನಿಲ್ಲಲಿಲ್ಲ. ಮಾತಾಡಲು ಹೋದರೆ ಅರ್ಧ ಮಾತಿಗೆ ಉಸಿರು ಕಡಿಯುತ್ತಿತ್ತು. ಆಟೊ ಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆವಿಯ ಔಷಧಿ ಮೂಗಿಗೆ ಕಟ್ಟಿ ಮಲಗಿಸಿದರು. ಅವಳ ಕೂದಲಿನಲ್ಲಿ ಹಲಸಿನ ಹಳದಿ ಪುಡಿ ಇನ್ನೂ ಇತ್ತು. ನಾನು ಪಕ್ಕದಲ್ಲಿ ಕೂತು ಅದನ್ನು ಒಂದೊಂದೇ ತೆಗೆಯುತ್ತಿದ್ದೆ. ಅವಳ ಎದೆ ಏರಿ ಇಳಿಯುವುದನ್ನು ನೋಡುತ್ತಿದ್ದರೆ ತೊಟ್ಟಿಲು, ಷಡ್ಡಕ ಯಾವುದೂ ನೆನಪಿಗೆ ಬರಲಿಲ್ಲ.

ಮಾರನೆಯ ದಿನ ಅವಳು ಬ್ಯಾಗು ತುಂಬಿಕೊಂಡಳು. ಕೋಪವೇನೂ ಇರಲಿಲ್ಲ.

"ನೀವು ಒಪ್ಕಂಡಿದೀರ, ಮಾಡಿ. ಮುಗಿಯೋ ಗಂಟ ಶೋಭನ ಮನೇಲಿ ಇರ್ತೀನಿ. ಅಲ್ಲಾದ್ರೆ ಉಸ್ರಾದ್ರೂ ಬತ್ತದೆ."

ಅವಳನ್ನು ಮದ್ದೂರಿನ ಬಸ್ಸು ಹತ್ತಿಸಿ ಬಂದು ಖಾಲಿ ಮನೆಯಲ್ಲಿ ಕೂತೆ. ಡಾಕ್ಟರ ಎದುರಿನಲ್ಲಿ ಅಡಗಿದ್ದ ಹೊಟ್ಟೆಕಿಚ್ಚು ಈಗ ಎರಡರಷ್ಟಾಗಿ ಎದ್ದಿತು. ಮಿಷನ್ ಅವನದು, ಕೋಣೆ ಅವನದು, ಈಗ ನನ್ನ ಹೆಂಡತಿ ನೆಮ್ಮದಿಯಾಗಿ ಉಸಿರಾಡುವ ಗಾಳಿಯೂ ಅವನ ಮನೆಯದು. ಸಂಜೆ ಫೋನು ಮಾಡಿದರೆ ಹಿನ್ನೆಲೆಯಲ್ಲಿ ಗರಗಸದ ಸದ್ದು, ಅದರ ನಡುವೆಯೇ ಅಕ್ಕ ತಂಗಿಯರ ನಗು. "ಊಟ ಆಯ್ತಾ?" ಎಂದಳು. "ಆಯ್ತು" ಎಂದೆ. ಒಲೆ ಹಚ್ಚಿರಲೇ ಇಲ್ಲ.

ಮಂಡ್ಯಕ್ಕೆ ಹೋಗಿ ಮಿಷನ್ ಸಾಮಾನಿನ ದೊಡ್ಡ ಅಂಗಡಿ ಹೊಕ್ಕೆ. ಅಂಗಡಿಯವನು ಮೊದಲು ತೋರಿಸಿದ್ದು ನೀರಿನ ಡ್ರಮ್ಮಿನಷ್ಟು ದೊಡ್ಡದು. ಗಾರ್ಮೆಂಟ್ಸು ಫ್ಯಾಕ್ಟರಿಯವರು ಒಯ್ಯುತ್ತಾರೆ ಎಂದ. ಆಮೇಲೆ ತೋರಿಸಿದ್ದು ಬ್ಯಾಟರಿಯದು, ಕೈಗೂಸಿನಷ್ಟಿತ್ತು, ಹಲಸಿಗೆ ಉಸಿರು ಸಾಲದು. ನಡುವಿನ ಅಳತೆಯ ಪೆಟ್ಟಿಗೆಗಳು ಎರಡು ಮೂರಿದ್ದವು. ಒಂದರ ಪೈಪಿನ ಬಾಯಿ ನನ್ನ ಗರಗಸಕ್ಕೆ ಹಿಡಿಯುವುದೋ ಇಲ್ಲವೋ, ಇನ್ನೊಂದರ ಫಿಲ್ಟರು ಕಟ್ಟಿಕೊಂಡರೆ ಬಿಚ್ಚಬೇಕೋ ಒದರಿದರೆ ಸಾಕೋ, ಅವನಿಗೂ ಸರಿಯಾಗಿ ತಿಳಿಯದು. ಟರ್ಬೈನಿನ ಸದ್ದಿನ ಮೇಲೆಯೇ ಅದರ ಆರೋಗ್ಯ ಹೇಳುತ್ತಿದ್ದವನು ನಾನು. ಒಂದು ಪೆಟ್ಟಿಗೆಯ ಮುಂದೆ ಬೆಪ್ಪಾಗಿ ನಿಂತೆ. ಮತ್ತೆ ಬರುತ್ತೇನೆಂದು ಹೇಳಿ ಸೀದಾ ಮದ್ದೂರಿನ ಬಸ್ಸು ಹತ್ತಿದೆ. ಜೇಬಿನಲ್ಲಿ ಒಂದು ದಾರ ಇಟ್ಟುಕೊಂಡಿದ್ದೆ.

ಕೆಂಪರಾಜು ಕಾಲೇಜಿನಿಂದ ಬಂದಿರಲಿಲ್ಲ. ಪ್ರೇಮ ಒಳಗೆ ಕಾಫಿ ಮಾಡುತ್ತಿದ್ದಳು. ಕೈಕಾಲು ತೊಳೆಯುವ ನೆವದಲ್ಲಿ ಹಿಂದಕ್ಕೆ ಹೋಗಿ, ಕೋಣೆಯೊಳಗೆ ಕುಕ್ಕರಗಾಲಿನಲ್ಲಿ ಕೂತು, ಅವನ ಮಿಷನ್ನಿನ ಪೈಪಿಗೆ ದಾರ ಸುತ್ತಿ ಅಳತೆ ತೆಗೆಯುತ್ತಿದ್ದೆ. ಬಾಗಿಲಲ್ಲಿ ಶೋಭ.

"ಏನ್ ಭಾವ, ಅದಕ್ಕೆ ಉಡ್ದಾರ ಕಟ್ತಿದೀರ?"

ನಾನು ಗಡಿಬಿಡಿಯಲ್ಲಿ ದಾರ ಬಿಚ್ಚತೊಡಗಿದೆ. ಅವಳ ಹಿಂದೆಯೇ ಕೆಂಪರಾಜು ಬಂದ. ಹೆಗಲಿನ ಬ್ಯಾಗನ್ನೂ ಇಳಿಸಿರಲಿಲ್ಲ. ದಾರ ನೋಡಿದ, ನನ್ನನ್ನು ನೋಡಿದ, ನಗಲಿಲ್ಲ.

"ಅಣ್ಣ, ಇದ್ನೇ ತಗಂಡೋಗಿ. ತೊಟ್ಲು ಮುಗಿದ್ಮೇಲೆ ತಂದ್ಕೊಡಿವ್ರಂತೆ."

"ಬ್ಯಾಡ ಕಣ್ಲಾ. ನಾನೇ ಒಂದು ತಗತೀನಿ."

"ಅಂಗಾದ್ರೆ ಒಂದ್ ಮಾತು" ಎಂದು ನನ್ನ ಪಕ್ಕದಲ್ಲೇ ನೆಲಕ್ಕೆ ಕೂತ. "ಗರಗ್ಸ ಜೊತೇಲಿ ತಗಂಡೋಗಿ, ಅದ್ರ ಬಾಯಿಗೆ ಪೈಪಿನ ರಬ್ಬರ್ ಬುಷ್ಶು ಹಿಡೀತದಾ ನೋಡಿ. ಮುಂದ್ಗಡೆ ಎಷ್ಟು ಎಳೀತದೆ ಅನ್ನೋದಲ್ಲ ಅಣ್ಣ, ಹಿಂದ್ಗಡೆ ಏನು ಬುಡ್ತದೆ ಅದ್ನ ನೋಡ್ಬೇಕು. ನಾನು ಮೊದ್ಲು ತಂದಿದ್ದು ಹಿಂಗೇ ಮೋಸ ಆಗಿತ್ತು, ವಾಪಸ್ ಕೊಟ್ಟೆ."

ಎಲ್ಲ ಗೊತ್ತಿದ್ದವನಂತೆ ತಲೆಯಾಡಿಸುತ್ತ ಒಂದೊಂದು ಮಾತನ್ನೂ ನುಂಗಿಕೊಂಡೆ. ಅವನ ಒಳ್ಳೆಯತನಕ್ಕೆ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು. ಹೊರಡುವಾಗ ಪ್ರೇಮ ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದಳು.

"ನಾಳೆ ಅಂಗ್ಡಿಗೆ ನಾನೂ ಬತ್ತೀನಿ. ಧೂಳು ಕುಡಿಯೋಳು ನಾನು, ಆರ್ಸೋರು ನೀವು. ಅದ್ಯಾವ ನ್ಯಾಯ?"

ಮಾರನೆಯ ದಿನ ಮಂಡ್ಯದ ಆ ಅಂಗಡಿಯಲ್ಲಿ ಅವಳು ಮಾಡಿದ ಪರೀಕ್ಷೆಯನ್ನು ನಾನು ಜನ್ಮದಲ್ಲಿ ಯೋಚಿಸುತ್ತಿರಲಿಲ್ಲ. ಮೊದಲು ಪ್ರತಿ ಪೆಟ್ಟಿಗೆಯನ್ನೂ ಒಂದೇ ಕೈಯಲ್ಲಿ ಎತ್ತಿ ಅಂಗಡಿಯ ಮೆಟ್ಟಿಲು ಹತ್ತಿ ಇಳಿದಳು. ಒಂದು ಭಾರವೆಂದು ಅಲ್ಲೇ ಬೇಡವಾಯಿತು. ಆಮೇಲೆ ಚೀಲದಿಂದ ರವಿಕೆಯ ಒಳಗೆ ಕೊಡುವ ಕರಿ ಲೈನಿಂಗ್ ಬಟ್ಟೆ ತೆಗೆದು, ಮಿಷನ್ನಿನ ಹಿಂದುಗಡೆ ಗಾಳಿ ಬಿಡುವ ಕಿಂಡಿಗೆ ಹಿಡಿದುಕೊಂಡಳು. ನಾನು ಜೊತೆಗೆ ತಂದ ಗರಗಸದಲ್ಲಿ ಅಂಗಡಿಯವನು ಕೊಟ್ಟ ತುಂಡುಗಳನ್ನು ಕೊಯ್ದೆ. ಒಂದು ಮಿಷನ್ನಿಗೆ ಬಟ್ಟೆ ಹಿಟ್ಟು ಜರಡಿ ಹಿಡಿದ ಹಾಗೆ ಬಿಳುಪಾಯಿತು. ಇನ್ನೊಂದಕ್ಕೆ ಕರಿದು ಕರಿದಾಗಿಯೇ ಉಳಿಯಿತು. ಅದು ಓಡುತ್ತಿರುವಾಗಲೇ ಅವಳು ದನಿ ಎತ್ತರಿಸದೆ ಅಂಗಡಿಯವನನ್ನು ಕೇಳಿದಳು:

"ಫಿಲ್ಟ್ರು ಕಟ್ಕಂಡ್ರೆ ಏನ್ಮಾಡ್ಬೇಕು?"

"ಈ ಗುಂಡಿ ಒತ್ತಿದ್ರೆ ಒದರ್ಕತದೆ ಅಕ್ಕ" ಎಂದು ಅವನೂ ಸಾಧಾರಣ ದನಿಯಲ್ಲೇ ಹೇಳಿದ.

"ಇದು ಓಡ್ತಿದ್ರೂ ಮಾತು ಕೇಳ್ತದೆ. ಇದು ಸಾಕು" ಎಂದಳು.

ನಾನಾಗಿದ್ದರೆ ಕೆಂಪರಾಜುವಿನದಕ್ಕಿಂತ ದೊಡ್ಡದನ್ನು ತರುತ್ತಿದ್ದೆ. ಅವಳು ಆರಿಸಿದ್ದು ಅವನದಕ್ಕಿಂತ ಚಿಕ್ಕದು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಮಳವಳ್ಳಿಗೆ ತಂದೆವು.

ಆಮೇಲಿನದು ಸುಖದ ಕಥೆಯಾಗಬೇಕಿತ್ತು. ವರಾಂಡದಲ್ಲಿ ಧೂಳು ಹಾರುವುದು ನಿಂತಿತು. ಪ್ರೇಮ ಕೋಣೆಯ ಬಾಗಿಲು ತೆರೆದೇ ಹೊಲಿಯತೊಡಗಿದಳು. ಆಮೇಲೆ ಕಾಜ ಗುಂಡಿಯ ಕೆಲಸವನ್ನು ವರಾಂಡಕ್ಕೇ ತಂದು ನನ್ನ ಎದುರಿಗೆ ಕೂತಳು. ಮದುವೆಯಾದಾಗಿನಿಂದ ನಾನು ಕೊಯ್ಯುವುದನ್ನು ಅವಳು ಹತ್ತಿರ ಕೂತು ಕಂಡಿರಲಿಲ್ಲ. ಈಗ ಕಂಡಳು.

"ಗೆರೆ ಅಲ್ಲೈತೆ, ನೀವು ಇಲ್ಲಿ ಕೊಯ್ತಾ ಇದೀರ."

"ಅಷ್ಟಿಷ್ಟು ಆಯ್ತದೆ. ಆಮ್ಯಾಕೆ ಉಜ್ಜುತೀನಿ."

"ತೊಟ್ಲು ಪಟ್ಟಿ ಎಲ್ಲ ಒಂದೇ ಸಮ ಇರ್ಬೇಕು ಕಣ್ರೀ. ಸಂದಿ ಜಾಸ್ತಿಯಾದ್ರೆ ಕೂಸಿನ ಕೈ ಕಾಲು ಸಿಕ್ಕಾಕ್ಕಳಕಿಲ್ವಾ?"

"ಅಂಗಾದ್ರೆ ನೀನೇ ಕೊಯ್ಯಿ" ಎಂದೆ. ರೇಗಿ ಹೇಳಿದ್ದು. ಅವಳು ನಿಜವೆಂದುಕೊಂಡು ಎದ್ದಳು. ನನ್ನ ಕನ್ನಡಕ ಹಾಕಿಕೊಂಡು, ಸೆರಗು ಸಿಕ್ಕಿಸಿ, ಗರಗಸ ಹೇಗೆ ಹಿಡಿಯುವುದೆಂದು ಕೇಳಿಕೊಂಡಳು. ಮೊದಲ ಪಟ್ಟಿ ಸ್ವಲ್ಪ ನಡುಗಿತು. ಎರಡನೆಯದರಿಂದ ಅವಳ ಕಣ್ಣು ಬ್ಲೇಡಿನ ಮೇಲಿರಲಿಲ್ಲ, ಮುಂದಿನ ಗೆರೆಯ ಮೇಲಿತ್ತು. ಇಷ್ಟು ವರ್ಷ ಬಟ್ಟೆ ಕತ್ತರಿಸಿದ ಕಣ್ಣು ಅದು. ತುಂಡು ಕೆಳಗೆ ಬಿದ್ದಾಗ ಅದರ ಅಂಚಿಗೆ ಬೆರಳಾಡಿಸಿದೆ. ಉಜ್ಜುವುದಕ್ಕೇನೂ ಉಳಿದಿರಲಿಲ್ಲ.

ತೊಟ್ಟಿಲಿನ ಕಾಲು, ಕೀಲು, ಜೋಡಣೆ ನನ್ನದಾಯಿತು. ಪಟ್ಟಿಗಳೆಲ್ಲ ಅವಳದು. ನಾಮಕರಣದ ದಿನ ಕೆರಗೋಡಿನ ನಡುಮನೆಯಲ್ಲಿ ಅದನ್ನು ತೂಗಿಬಿಟ್ಟಾಗ ಅತ್ತೆ ಹಲಸಿನ ಮರವನ್ನು ಅಂಗೈಯಲ್ಲಿ ಸವರಿ ನೋಡಿದರು. ಹೆಂಗಸರು ಮಗುವನ್ನು ಮಲಗಿಸಿದರು. ಎಲ್ಲರೂ ಮಗು ನೋಡುತ್ತಿದ್ದರೆ ಕೆಂಪರಾಜು ಮಾತ್ರ ಬಗ್ಗಿ ಪಟ್ಟಿಗಳನ್ನೇ ನೋಡುತ್ತಿದ್ದ. ಒಂದು ಕಣ್ಣು ಮುಚ್ಚಿ ಸಾಲು ಹಿಡಿದು ನೋಡಿದ. ಆ ದಿನಕ್ಕಾಗಿ ನಾನು ಎಷ್ಟು ಕಾದಿದ್ದೆನೆಂದು ನಿಮಗೆ ಹೇಳಬೇಕಿಲ್ಲ.

"ಅಣ್ಣ, ಈ ಪಟ್ಟಿ ಎಂಗೆ ಕೊಯ್ದ್ರಿ? ನಂಗೆ ಇಷ್ಟು ನೀಟಾಗಿ ಬರಕಿಲ್ಲ."

ಹೂಂ ಎಂದುಬಿಟ್ಟರೆ ಸಾಕಿತ್ತು. ಪ್ರೇಮ ಪಕ್ಕದಲ್ಲೇ ಇದ್ದಳು. ಅವಳು ಬಾಯಿ ಬಿಡುತ್ತಿರಲಿಲ್ಲವೆಂದೂ ಗೊತ್ತಿತ್ತು. ಆದರೆ ಕೂದಲಿನ ತುಂಬ ಹಳದಿ ಪುಡಿ ಹಿಡಿದು ಮಲಗಿದ್ದ ಅವಳ ಮುಖ ಎದುರಿಗೆ ಬಂತು. "ನಂದಲ್ಲ ಕಣ್ಲಾ. ಪ್ರೇಮಂದು" ಎಂದೆ.

ಅವನು ಪ್ರೇಮಳ ಕಡೆ ತಿರುಗಿ ಅಲ್ಲೇ ನೆಲದ ಮೇಲೆ ಕೂತು ಗರಗಸ ಎಲ್ಲಿ ಹಿಡಿಯುತ್ತೀರಿ, ಗೆರೆ ಯಾವುದರಲ್ಲಿ ಎಳೆಯುತ್ತೀರಿ ಎಂದು ಕೇಳತೊಡಗಿದ. ಅವಳು ಬಟ್ಟೆ ಮಡಿಸುವ ಹಾಗೆ ಕೈಯಾಡಿಸಿ ವಿವರಿಸತೊಡಗಿದಳು. ಊಟಕ್ಕೆ ಕರೆದರೂ ಇಬ್ಬರೂ ಏಳಲಿಲ್ಲ. ನಾನು ಒಬ್ಬನೇ ಪಂಕ್ತಿಯಲ್ಲಿ ಕೂತೆ.

ಈಗ ನಮ್ಮ ಮನೆಯಲ್ಲಿ ದಿನವೂ ಗರಗಸ ಮರ ಕೊಯ್ಯುತ್ತದೆ. ಪ್ರೇಮಳ ಎದೆಯ ಶಿಳ್ಳೆ ಕೇಳಿ ಬಹಳ ದಿನವಾಯಿತು. ಮೊನ್ನೆ ಅವಳು ಬಜಾರಿಗೆ ಹೋಗಿದ್ದಾಗ ಎದುರು ಮನೆಯ ಸಾಕಮ್ಮ ಒಂದು ಪ್ಲೈವುಡ್ ತುಂಡು ಹಿಡಿದುಕೊಂಡು ಬಂದಳು. ದೇವರ ಪಟ ಇಡಲು ಗೂಡಿಗೆ ಹಲಗೆ ಬೇಕಂತೆ.

"ಅಕ್ಕ ಇಲ್ವಾ ಅಣ್ಣ?"

"ಇಲ್ಲ. ಕೊಡಮ್ಮ, ನಾನು ಕೊಯ್ದ್ ಕೊಡ್ತೀನಿ."

ಸಾಕಮ್ಮ ಹಲಗೆಯನ್ನು ನೋಡಿದಳು, ನನ್ನ ಕೈಯನ್ನೂ ನೋಡಿದಳು. ಹಲಗೆಯನ್ನು ಕೊಂಚ ಎದೆಗೆ ಒತ್ತಿಕೊಂಡಳು.

"ಇರ್ಲಿ ಬುಡಿ ಅಣ್ಣ. ಅಕ್ಕನೇ ಬರ್ಲಿ."